‘ನೋಡಿದರೆ ಗೊತ್ತಾಗಲ್ವಾ, ಎಲ್ಲರನ್ನೂ ಯಾಕೆ ಕೇಳ್ತೀರಿ?’

ಬಸಿರಿ ಹೆಂಗಸರು ಮೊದಲ ಸಲ ತಪಾಸಣೆಗೆ ಬಂದಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಮಿಸ್ರಿ, ಬೀಡಿ, ಹೆಂಡ, ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದಾದರೂ ಅಭ್ಯಾಸ ಇದೆಯಾ, ಮುಂಚೆ ಇತ್ತಾ? ಮೇಷ್ಟ್ರ ಹೆಂಡತಿಗೂ ಇದೇ, ಕಬ್ಬು ಕಡಿಯೋಕೆ ಬಂದವಳಿಗೂ ಇದೇ. ಜೊತೆಗೆ ಬಂದವರ ಮುಖ ಗಂಟಾಗುತ್ತದೆ. ‘ನಮ್ಮದು ಅಂಥ ಮನೆ ಅಲ್ರೀ’ ಅನ್ನುತ್ತಾರೆ. ಹೊಸ ಜೂನಿಯರ್ ಡಾಕ್ಟರುಗಳದ್ದೂ ಅದೇ ರಾಗ: ನೋಡಿದರೆ ಗೊತ್ತಾಗಲ್ವಾ ಮೇಡಂ?

ಗೊತ್ತಾಗಲ್ಲ. ನಾನೂ ಎಷ್ಟೋ ವರ್ಷ ಮುಖ ನೋಡಿಯೇ ಕೇಳುತ್ತಿದ್ದೆ. ಆಮೇಲೆ ಒಬ್ಬಳು ಬಂದಳು. ಓದಿದವಳು, ಗಂಡನಿಗೆ ಒಳ್ಳೆ ಕೆಲಸ, ರಕ್ತ ಚೆನ್ನಾಗಿದೆ, ಬಿಪಿ ಸರಿಯಾಗಿದೆ, ಆದರೂ ಹೊಟ್ಟೆಯಲ್ಲಿ ಮಗು ಬೆಳೆಯುತ್ತಿಲ್ಲ. ಏಳನೇ ತಿಂಗಳಲ್ಲಿ ನಮ್ಮ ನರ್ಸ್ ಅವಳ ಹಲ್ಲು ನೋಡಿ ಕೇಳಿದಳು, ‘ಹಲ್ಲಿಗೆ ಏನ್ ಹಚ್ತೀಯವ್ವ?’ ಮಿಸ್ರಿ. ಅಂದರೆ ಹುರಿದು ಪುಡಿ ಮಾಡಿದ ಹೊಗೆಸೊಪ್ಪು. ದಿನಕ್ಕೆ ನಾಲ್ಕೈದು ಸಲ. ತಂಬಾಕು ತಿಂತೀಯಾ ಅಂತ ನಾನು ಕೇಳಿದ್ದರೂ ಇಲ್ಲ ಅನ್ನುತ್ತಿದ್ದಳು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವಳು ತಿನ್ನುತ್ತಿರಲಿಲ್ಲ, ಉಜ್ಜುತ್ತಿದ್ದಳು!

ಮುಂಬೈಯಲ್ಲಿ ಬಸಿರಿಯರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಇಂಥ ಹೊಗೆಯಿಲ್ಲದ ತಂಬಾಕು ಬಳಸುವವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಎರಡೂವರೆ ಕೆಜಿ ಮುಟ್ಟೋಕೇ ಒದ್ದಾಡುವ ಕೂಸಿಗೆ ಅದು ಸಣ್ಣ ಲೆಕ್ಕ ಅಲ್ಲ.

ಎಲ್ಲರನ್ನೂ ಕೇಳಿ, ಮೊದಲ ಭೇಟಿಯಲ್ಲಷ್ಟೇ ಅಲ್ಲ, ಪ್ರತಿ ಭೇಟಿಯಲ್ಲೂ ಕೇಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಆದರೆ ನನ್ನ ಜೊತೆಯ ಡಾಕ್ಟರುಗಳು ಎಲ್ಲರೂ ಒಪ್ಪುವುದಿಲ್ಲ, ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸಿರಿಯರ ವಿಶೇಷ ತಪಾಸಣೆ ಇರುತ್ತದಲ್ಲ, ಆ ಸಾಲು ಒಮ್ಮೆ ನೋಡಿ. ತಲೆಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಇನ್ನೊಬ್ಬರ ಭಯ ಬೇರೆ: ಬೇಜಾರಾಗಿ ಅವಳು ಮತ್ತೆ ಬರದೇ ಇದ್ದರೆ? ಅತ್ತೆ ಪಕ್ಕದಲ್ಲೇ ನಿಂತಿರುತ್ತಾಳೆ ಅನ್ನೋದಂತೂ ನಿಜ. ಅದಕ್ಕೆ ನಾನು ಅತ್ತೇನ ಸುಮ್ನೆ ಚೀಟಿ ತರೋಕೆ ಕಳಿಸುತ್ತೇನೆ. (ಮಿಸ್ರಿ ಕಲಿಸಿದವಳು ಎಷ್ಟೋ ಸಲ ಅದೇ ಅತ್ತೆ, ಅದು ಬೇರೆ ಕಥೆ.) ಸಿಕ್ಕ ಉತ್ತರವನ್ನು ತಾಯಿ ಕಾರ್ಡಿನ ಮೇಲೆ ಬರೆಯುವುದಿಲ್ಲ. ಆ ಕಾರ್ಡು ಮನೆಯವರ ಕೈಯಲ್ಲೆಲ್ಲ ಓಡಾಡುತ್ತದೆ.

ಅಮೆರಿಕದಲ್ಲಿರುವ ನೆಂಟರ ಹುಡುಗಿಯೂ ಹೀಗೇ ಸಿಟ್ಟಾಗಿ ಫೋನ್ ಮಾಡಿದ್ದಳು. ‘ಡ್ರಗ್ಸ್ ತಗೋತೀಯಾ ಅಂತ ಕೇಳಿದ್ರು ಆಂಟಿ!’ ಎಲ್ಲರನ್ನೂ ಕೇಳಿದರೆ ಬೇಜಾರು ಬೇಡ, ನಿನ್ನೊಬ್ಬಳನ್ನೇ ಕೇಳಿದರೆ ಜಗಳ ಮಾಡು ಅಂದೆ. ಫ್ಲಾರಿಡಾದ ಪಿನೆಲಾಸ್ ಕೌಂಟಿಯಲ್ಲಿ ಬಸಿರಿಯರ ಮೂತ್ರ ಪರೀಕ್ಷಿಸಿದ ಅಧ್ಯಯನ 1990ರಲ್ಲಿ ಬಂತು. ಕಪ್ಪು, ಬಿಳಿ ಹೆಂಗಸರಲ್ಲಿ ಅಮಲಿನ ಬಳಕೆ ಹೆಚ್ಚುಕಮ್ಮಿ ಒಂದೇ ಇತ್ತು, ಆದರೆ ಅಧಿಕಾರಿಗಳಿಗೆ ದೂರು ಹೋಗಿದ್ದು ಕಪ್ಪು ಹೆಂಗಸರ ಮೇಲೆ ಸುಮಾರು ಹತ್ತು ಪಟ್ಟು ಜಾಸ್ತಿ. ನೋಡಿದರೆ ಗೊತ್ತಾಗುತ್ತದೆ ಅನ್ನೋರು ಅಲ್ಲೂ ಇದ್ದರು. ಚಾರ್ಲ್ಸ್‌ಟನ್ ಊರಲ್ಲಂತೂ ಬಸಿರಿಯರ ಮೂತ್ರದ ಫಲಿತಾಂಶ ಆಸ್ಪತ್ರೆಯಿಂದ ಪೊಲೀಸರ ಕೈಗೆ ಹೋಗುತ್ತಿತ್ತು. ಒಪ್ಪಿಗೆ ಇಲ್ಲದೆ ಹಾಗೆ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಾನು ಬಾಯಲ್ಲಿ ಕೇಳುತ್ತೇನೆ, ಅಷ್ಟೇ. ಕದ್ದು ಪರೀಕ್ಷೆ ಮಾಡಲ್ಲ.

‘ಹೌದು’ ಅಂದರೆ ಮುಂದೇನು ಅನ್ನೋ ಜೂನಿಯರುಗಳ ಪ್ರಶ್ನೆಯೇ ನಿಜಕ್ಕೂ ಕಷ್ಟದ್ದು. ಐದು ನಿಮಿಷ ಕೂತು ಮಾತಾಡುತ್ತೇನೆ, ಮುಂದಿನ ಸಲ ಬೈಯದೆ ಮತ್ತೆ ಕೇಳುತ್ತೇನೆ. ತಂಬಾಕು ಬಿಡಿಸುವ 1800-112-356 ನಂಬರ್ ಬರೆದು ಕೊಡುತ್ತೇನೆ, ದುಡ್ಡು ಬೀಳಲ್ಲ. ಮೊನ್ನೆ ಒಬ್ಬಳು ಚೀಟಿ ಮಡಚಿ ವಾಪಸ್ ಕೊಟ್ಟಳು. ‘ಫೋನ್ ಅವರ ಹತ್ರಾನೇ ಇರ್ತದ್ರೀ ಮೇಡಂ, ನೀವೇ ಹೇಳ್ರಿ ಏನ್ ಮಾಡ್ಬೇಕಂತ.’