ಸೊರಗಿದ ಹಂದಿ ಮರಿಗಳು, ನಾನು ಆತುರದಲ್ಲಿ ಮಾಡಿದ ಫೋನ್

ನಾನು ಪಶುರೋಗ ಪತ್ತೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೆಂಗಳೂರು ಗ್ರಾಮಾಂತರದ ಒಂದು ಹಂದಿ ಫಾರಂನಿಂದ ಸತ್ತ ಮರಿಗಳು ಬಂದವು. ಎಂಟು ವಾರದವು. ಹಾಲು ಬಿಡಿಸಿದ ಮೇಲೆ ಬೆನ್ನುಮೂಳೆ ಎದ್ದು ಕಾಣುವಷ್ಟು ಸೊರಗಿದ್ದವು. ಹಂದಿ ಜ್ವರದ ಪರೀಕ್ಷೆ ನೆಗೆಟಿವ್. ಮರಿಗಳನ್ನು ಸೊರಗಿಸುವ ಸರ್ಕೋವೈರಸ್ 2 ಎಂಬ ವೈರಸ್‌ಗೆ ಪಿಸಿಆರ್ (ವೈರಸ್‌ನ ವಂಶವಾಹಿ ಹುಡುಕುವ ಪರೀಕ್ಷೆ) ಮಾಡಿದೆ, ಪಾಸಿಟಿವ್ ಬಂತು. ಅವತ್ತೇ ಮಾಲೀಕರಿಗೆ ಫೋನ್ ಮಾಡಿ "ಇದು ಸರ್ಕೋ" ಅಂದುಬಿಟ್ಟೆ. ಅವರು ಹೆದರಿ ಉಳಿದ ಮರಿಗಳನ್ನು ಸಿಕ್ಕಿದ ಬೆಲೆಗೆ ಮಾರಿದರು.

ಮೂರು ದಿನದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶದ ಸ್ಲೈಡ್ ತಯಾರಾಯಿತು. ಲ್ಯಾಬ್‌ನ ಹಿರಿಯ ಮೇಡಂ ನೋಡಿ, "ಲಿಂಫ್ ಗ್ರಂಥಿ ಚೆನ್ನಾಗೇ ಇದೆಯಲ್ಲಪ್ಪಾ. ಸರ್ಕೋ ಅಂತ ಹೇಗೆ ಹೇಳಿದೆ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಈ ವೈರಸ್ ಹಂದಿ ಸಾಕುವ ಕಡೆಯೆಲ್ಲ ಇದೆ. ಗಟ್ಟಿಮುಟ್ಟಾದ ಹಂದಿಯ ರಕ್ತದಲ್ಲೂ ಸಿಗುತ್ತದೆ. 1974ರಲ್ಲಿ ಜರ್ಮನಿಯಲ್ಲಿ ಇದರ ಮೊದಲ ಬಗೆ ಸಿಕ್ಕಿತು, ಅದರಿಂದ ಕಾಯಿಲೆಯೇ ಬರುತ್ತಿರಲಿಲ್ಲ. 1991ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಮರಿಗಳು ಸೊರಗಿ ಸಾಯತೊಡಗಿದವು. ಎರಡನೇ ಬಗೆ, ಅಂದರೆ ನಾನು ಹುಡುಕಿದ ಸರ್ಕೋವೈರಸ್ 2, ಗೊತ್ತಾದದ್ದು ಆಮೇಲೆ. ಚೆನ್ನಾಗಿರುವ ಹಂದಿಯಲ್ಲೂ ವೈರಸ್ ಸಿಗುವುದರಿಂದ, ಸರ್ಕೋ ರೋಗ ಅನ್ನಬೇಕಾದರೆ ಮೂರೂ ಒಟ್ಟಿಗೆ ಕಾಣಬೇಕು: ಮರಿ ಸೊರಗಿರಬೇಕು, ಲಿಂಫ್ ಗ್ರಂಥಿಯಲ್ಲಿ ಬಿಳಿ ರಕ್ತಕಣಗಳು ಖಾಲಿಯಾಗಿರಬೇಕು, ಆ ಹಾಳಾದ ಜಾಗದಲ್ಲೇ ವೈರಸ್ ಇರಬೇಕು. ನಾನು ಎರಡನೆಯದನ್ನು ನೋಡಿಯೇ ಇರಲಿಲ್ಲ.

ಮರುದಿನ ಫಾರಂಗೆ ಹೋದೆವು. ಪೈಪಿನ ಕೊನೆಯ ಕೊಠಡಿಗಳಲ್ಲಿ, ಮರಿಗಳು ಬಾಯಿಟ್ಟು ನೀರು ಕುಡಿಯುವ ನಿಪ್ಪಲ್‌ನಿಂದ ನೀರು ಹನಿ ಹನಿ ಬರುತ್ತಿತ್ತು. ಈ ವಯಸ್ಸಿನ ಮರಿಗಳಿಗೆ ನಿಮಿಷಕ್ಕೆ ಅರ್ಧ ಲೀಟರ್ ಆದರೂ ಬರಬೇಕು. ನೀರು ಸಿಗದ ಮರಿ ಮೇವನ್ನೂ ಬಿಡುತ್ತದೆ. ಸತ್ತದ್ದೆಲ್ಲ ಆ ಕೊಠಡಿಗಳ ಮರಿಗಳೇ. ಮಾಲೀಕರು ಬೈಯಲಿಲ್ಲ. "ಮೊದಲೇ ಬಂದು ನೋಡಿದ್ದಿದ್ರೆ, ಡಾಕ್ಟ್ರೇ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ವರ್ಷ ಇನ್ನೊಂದು ಫಾರಂನಲ್ಲಿ ನಿಜವಾಗಿಯೂ ಸರ್ಕೋ ಸಿಕ್ಕಿತು. ಈ ಸಲ ಸ್ಲೈಡ್ ಬರುವವರೆಗೆ ತಡೆದೆ. ಗ್ರಂಥಿ ಖಾಲಿಯಾಗಿತ್ತು, ಅದರೊಳಗೇ ವೈರಸ್ ಕೂಡ ಇತ್ತು. ಅಲ್ಲಿ ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಂದೇ ಕೊಠಡಿಗೆ ಬಿಡುತ್ತಿದ್ದರು. ಅದನ್ನು ಮೊದಲು ನಿಲ್ಲಿಸಿದೆವು. ಒಂದು ತಂಡ ಪೂರ್ತಿ ಹೊರಗೆ ಹೋದ ಮೇಲೆ ತೊಳೆದು, ಒಣಗಿಸಿ, ಆಮೇಲೆ ಹೊಸ ತಂಡ. ಈ ವೈರಸ್‌ಗೆ ಹೊರಗೆ ಕೊಬ್ಬಿನ ಪದರ ಇಲ್ಲ. ಆದ್ದರಿಂದ ಕೊಠಡಿಗೆ ಸಿಂಪಡಿಸುವ ಎಷ್ಟೋ ರೋಗಾಣುನಾಶಕ ಔಷಧಿಗೆ ಜಗ್ಗುವುದಿಲ್ಲ. ಸಗಣಿ ಕೆರೆದು ತೆಗೆಯದೆ ಸುಮ್ನೆ ಸಿಂಪಡಿಸಿದರೆ ಏನೂ ಪ್ರಯೋಜನ ಇಲ್ಲ. ಸುಮಾರು ಮೂರು ವಾರದ ಮರಿಗಳಿಗೆ ಕೊಡುವ ಲಸಿಕೆ ಇದೆ. 2006ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ಬಳಕೆಗೆ ಬಂದ ಮೇಲೆ ಅಲ್ಲಿ ಸಾವು ತುಂಬಾ ಕಡಿಮೆಯಾಯಿತು. ಆದರೆ ಕೊಠಡಿ ಹಳೆಯ ಹಾಗೇ ಇದ್ದರೆ ಲಸಿಕೆಯೊಂದನ್ನೇ ನಂಬಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ಪಿಸಿಆರ್ ಮೊದಲು ಬಂದರೂ ಫಲಿತಾಂಶ ಹೇಳಲು ಫೋನ್ ಮಾಡುವುದಿಲ್ಲ. ನಿಪ್ಪಲ್ ಕೆಳಗೆ ಒಂದು ನಿಮಿಷ ಬಾಟಲಿ ಹಿಡಿದು, ಎಷ್ಟು ನೀರು ಬಂತು ಅಂತ ತಿಳಿಸಿ ಎನ್ನಲು ಮಾತ್ರ ಫೋನ್ ಮಾಡುತ್ತೇನೆ.