ಮೀಡ್‌ನಲ್ಲಿ ಬೇಯಿಸಿದ ಪೇರ್ ನನಗೆ ಕಲಿಸಿದ್ದು

ಪೇಸ್ಟ್ರಿ ವಿಭಾಗಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೆನುವಿಗೆ ಹೊಸ ಹಣ್ಣಿನ ಡೆಸರ್ಟ್ ಒಂದು ಬೇಕು, ನೀನೇ ಯೋಚಿಸು ಎಂದು ಮುಖ್ಯ ಶೆಫ್ ನನಗೆ ಬಿಟ್ಟರು. ನಾನು ಆರಿಸಿಕೊಂಡದ್ದು ಮೀಡ್‌ನಲ್ಲಿ ಬೇಯಿಸಿದ ಪೇರ್ ಹಣ್ಣು. ಜೇನುತುಪ್ಪಕ್ಕೆ ನೀರು ಬೆರೆಸಿ ಯೀಸ್ಟ್ ಹಾಕಿ ಹುದುಗು ಬರಿಸಿದರೆ ಆಗುವ ಮದ್ಯವೇ ಮೀಡ್. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 8ರಿಂದ 14ರಷ್ಟು, ಹೆಚ್ಚುಕಡಿಮೆ ದ್ರಾಕ್ಷಿ ವೈನಿನಷ್ಟೇ.

ಮೊದಲ ದಿನ ಇಡೀ ಬಾಟಲಿಯನ್ನು ಪಾತ್ರೆಗೆ ಸುರಿದು ದೊಡ್ಡ ಉರಿಯಲ್ಲಿ ಕುದಿಸಿದೆ. ಅಡುಗೆಮನೆಯೆಲ್ಲ ಘಮ್ಮೆಂದಿತು. ಪಾತ್ರೆ ತೊಳೆಯುತ್ತಿದ್ದವರೂ ತಿರುಗಿ ನೋಡಿದರು, ನನಗೋ ಹಿಗ್ಗು. ಹಣ್ಣು ತೆಗೆದು, ಉಳಿದ ರಸವನ್ನು ಪಾಕವಾಗುವ ತನಕ ಇಂಗಿಸಿ ಶೆಫ್ ಮುಂದಿಟ್ಟೆ. ಒಂದು ಚಮಚ ಬಾಯಿಗಿಟ್ಟು ಅವರು ಕೇಳಿದರು: “ಜೇನು ಎಲ್ಲಿ?”

ನಾನು ಬಾಟಲಿ ತೋರಿಸಿದೆ.

“ಬಾಟಲಿಯಲ್ಲಿತ್ತು. ಈಗ ಈ ಕೋಣೆಯ ಗಾಳಿಯಲ್ಲಿದೆ. ಪಾತ್ರೆಯಲ್ಲಿ ಉಳಿದಿರೋದು ಸಿಹಿ, ಹುಳಿ, ಒಂಚೂರು ಕಹಿ, ಅಷ್ಟೇ.”

ರುಚಿ ನೋಡಿದೆ. ಅವರು ಹೇಳಿದ್ದು ನಿಜ. ಹೂವಿನಂಥ ಆ ಪರಿಮಳ ತೀರಾ ಸೂಕ್ಷ್ಮ, ಬಿಸಿ ಏರುತ್ತಿದ್ದಂತೆ ಹಬೆಯ ಜೊತೆ ಹೊರಟುಬಿಡುತ್ತದೆ. ಒಲೆಯ ಪಕ್ಕ ಮೂಗಿಗೆ ಎಷ್ಟು ಚೆನ್ನಾಗಿ ಬಡಿಯುತ್ತದೋ ತಟ್ಟೆಯಲ್ಲಿ ಅಷ್ಟು ಕಡಿಮೆ. ಕಹಿಗೂ ಕಾರಣವಿತ್ತು. ಸಿಹಿ ಮೀಡ್‌ನಲ್ಲಿ ಹುದುಗದೆ ಉಳಿಯುವ ಸಕ್ಕರೆಯಲ್ಲಿ ಫ್ರಕ್ಟೋಸ್ ಪಾಲು ದೊಡ್ಡದು. ಸಾಮಾನ್ಯ ಸಕ್ಕರೆ ಕ್ಯಾರಮೆಲ್ ಆಗಲು ಸುಮಾರು 160 ಡಿಗ್ರಿ ಬೇಕಾದರೆ ಫ್ರಕ್ಟೋಸ್‌ಗೆ 110ರ ಆಸುಪಾಸು ಸಾಕು. ಪಾಕ ಗಟ್ಟಿಯಾಗುವಷ್ಟರಲ್ಲಿ ತಳ ಕಂದು ತಿರುಗಿ ಕಹಿ ಹತ್ತಿರುತ್ತದೆ.

ಇದನ್ನು ತಿದ್ದಿಕೊಂಡೆ. ದೊಡ್ಡ ತಪ್ಪು ಮುಂದಿನ ವಾರ ಆಯಿತು.

ರಾತ್ರಿ ಊಟದ ಗದ್ದಲದ ಹೊತ್ತು. ವೇಟರ್ ಬಂದು, “ಶೆಫ್, ನಾಲ್ಕನೇ ಟೇಬಲ್‌ನವರು ಈ ಪೇರ್‌ನಲ್ಲಿ ಮದ್ಯ ಇದೆಯಾ ಅಂತ ಕೇಳ್ತಿದಾರೆ” ಎಂದ. ನಾನು ತಲೆ ಎತ್ತದೆ, “ಕುದಿಸಿದ್ದೀವಲ್ಲ, ಎಲ್ಲಾ ಹಾರಿಹೋಗಿರುತ್ತೆ. ಇಲ್ಲ ಅಂತ ಹೇಳು” ಅಂದೆ. ಪಕ್ಕದಲ್ಲಿದ್ದ ಮುಖ್ಯ ಶೆಫ್ ಆ ತಟ್ಟೆಯ ಮೇಲೆ ಕೈ ಇಟ್ಟು ತಡೆದರು. ತಾವೇ ಟೇಬಲ್‌ಗೆ ಹೋಗಿ, ಇದರಲ್ಲಿ ಮದ್ಯ ಇದೆ ಎಂದು ಹೇಳಿ, ಬೇರೆ ಸಿಹಿ ಕೊಟ್ಟು ಬಂದರು. ಆ ಅತಿಥಿ ಯಾಕೆ ಕೇಳಿದರೋ ಗೊತ್ತಿಲ್ಲ. ಗರ್ಭಿಣಿಯೋ, ಔಷಧಿ ತಗೊಳ್ಳುತ್ತಿದ್ದರೋ, ನಂಬಿಕೆಯ ವಿಷಯವೋ, ಕಷ್ಟಪಟ್ಟು ಕುಡಿತ ಬಿಟ್ಟವರೋ. ಯಾವುದಾದರೂ ನನ್ನ ಉತ್ತರದಿಂದ ಅವರಿಗೆ ಅನ್ಯಾಯವಾಗುತ್ತಿತ್ತು.

ಕೆಲಸ ಮುಗಿದ ಮೇಲೆ ಶೆಫ್ ಕೂರಿಸಿಕೊಂಡು ಲೆಕ್ಕ ಹೇಳಿದರು. ಆಲ್ಕೋಹಾಲ್ 78 ಡಿಗ್ರಿಯಲ್ಲೇ ಕುದಿಯುತ್ತದೆ, ನೀರು 100ರಲ್ಲಿ. ಇದನ್ನು ಓದಿದವರೆಲ್ಲ ಮೊದಲು ಆಲ್ಕೋಹಾಲ್ ಪೂರ್ತಿ ಹೋಗುತ್ತದೆ, ಆಮೇಲೆ ನೀರು ಎಂದುಕೊಳ್ಳುತ್ತಾರೆ. ಆದರೆ ಒಮ್ಮೆ ಬೆರೆತ ಮೇಲೆ ಎರಡೂ ಒಟ್ಟಿಗೇ ಹಬೆಯಾಗುತ್ತವೆ. ಆಲ್ಕೋಹಾಲ್ ಬೇಗ ಇಳಿಯುತ್ತದೆ ಹೊರತು ಖಾಲಿಯಾಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಅಡುಗೆಗೆ ಬೆರೆಸಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿದರೆ ಶೇ. 40ರಷ್ಟು ಉಳಿಯುತ್ತದೆ. ಅರ್ಧ ಗಂಟೆಗೆ ಶೇ. 35, ಒಂದು ಗಂಟೆಗೆ ಶೇ. 25. ಎರಡೂವರೆ ಗಂಟೆಯ ಮೇಲೂ ಶೇ. 5 ಇರುತ್ತದೆ. ಬೆಂಕಿ ಹೊತ್ತಿಸಿ ತೋರಿಸುವ ಫ್ಲಾಂಬೆಯಲ್ಲಂತೂ ಮುಕ್ಕಾಲು ಪಾಲು ಅಲ್ಲೇ ಉಳಿದಿರುತ್ತದೆ.

ನಾನು ನಂಬಿದ್ದು ತಲೆಕೆಳಗಾಗಿತ್ತು. ಪರಿಮಳ ಉಳಿಯುತ್ತದೆ, ಮದ್ಯ ಹೋಗುತ್ತದೆ ಎಂದುಕೊಂಡಿದ್ದೆ. ಪಾತ್ರೆಯಲ್ಲಿ ನಡೆಯುತ್ತಿದ್ದದ್ದು ಇದರ ಉಲ್ಟಾ.

ಈಗ ನಾನು ಮಾಡುವುದು ಹೀಗೆ. ಮೀಡ್ ತೆರೆದ ಕೂಡಲೇ ರುಚಿ ನೋಡುತ್ತೇನೆ. ಕೆಲವು ಮೀಡ್‌ನಲ್ಲಿ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರುತ್ತದೆ. ಜೇನಿನ ಹೆಸರು ನೋಡಿ ಸಿಹಿ ಇರುತ್ತದೆ ಎಂದು ಸಕ್ಕರೆ ಕಡಿಮೆ ಹಾಕಿದರೆ ಹಣ್ಣು ಹುಳಿಯಾಗಿ ಕೂರುತ್ತದೆ. ಬಾಟಲಿಯ ಕಾಲು ಭಾಗ ಎತ್ತಿಟ್ಟು, ಉಳಿದದ್ದಕ್ಕೆ ನೀರು, ಸಕ್ಕರೆ ಸೇರಿಸಿ ಸ್ಟೀಲ್ ಪಾತ್ರೆಯಲ್ಲಿ ಕಾಯಿಸುತ್ತೇನೆ. ಮೀಡ್‌ನಲ್ಲಿ ಹುಳಿ ಇರುವುದರಿಂದ ಬರೀ ಅಲ್ಯುಮಿನಿಯಂ ಬೇಡ. ಪೇರ್ ಬಲಿತು ಇನ್ನೂ ಗಟ್ಟಿ ಇರಬೇಕು. ಬಟರ್ ಪೇಪರನ್ನು ದುಂಡಗೆ ಕತ್ತರಿಸಿ ಹಣ್ಣಿನ ಮೇಲೆ ಮುಚ್ಚಿ, 80ರಿಂದ 85 ಡಿಗ್ರಿಯಲ್ಲಿ, ಕುದಿ ಬರದಂತೆ ಇಡುತ್ತೇನೆ. ಚಾಕು ಸಲೀಸಾಗಿ ಇಳಿದರೆ ಆಯಿತು. ಪಾಕ ಇಂಗಿಸಿ, ಒಲೆಯಿಂದ ಇಳಿಸಿ, ಬೆಚ್ಚಗಾದ ಮೇಲೆ ಎತ್ತಿಟ್ಟ ಮೀಡ್ ಬೆರೆಸುತ್ತೇನೆ. ಜೇನು ಮರಳಿ ಬರುವುದು ಆಗಲೇ. ಹಾಗೆ ಬೆರೆಸಿದ್ದರಲ್ಲಿ ಆಲ್ಕೋಹಾಲ್ ಇದ್ದ ಹಾಗೇ ಇರುತ್ತದೆ ಎಂಬುದನ್ನು ಸರ್ವಿಸ್‌ನವರಿಗೆ ಪ್ರತಿದಿನ ಹೇಳುತ್ತೇನೆ.

ಸೇಬನ್ನು ಬೇಯಿಸುವುದಾದರೆ, ಜೇನಿಗೆ ಸೇಬಿನ ರಸ ಸೇರಿಸಿ ಹುದುಗಿಸಿದ ಸೈಸರ್ ಎಂಬ ಮೀಡ್ ಸಿಕ್ಕರೆ ಬಿಡಬೇಡಿ, ಅಷ್ಟು ಹೊಂದುತ್ತದೆ. ಹುಳಿ ಇರುವ ಬೆರ್ರಿ, ಪ್ಲಮ್ ಕೂಡ ಚೆನ್ನ. ಬಾಳೆಹಣ್ಣಿಗೆ ನನಗಂತೂ ಹಿಡಿಸಲಿಲ್ಲ, ಸಿಹಿಯ ಮೇಲೆ ಸಿಹಿ ಬಿದ್ದು ಮುಖ ಕಟ್ಟುತ್ತದೆ. ಬಿಸಿ ಹಾಲಿಗೆ ಮೀಡ್ ಸುರಿದರೆ ಒಡೆಯುತ್ತದೆ. ಹಣ್ಣಿನ ರಸ ಹೆಪ್ಪುಗಟ್ಟಿಸಿ ಮಾಡುವ ಸೋರ್ಬೆಗೆ ಜಾಸ್ತಿ ಹಾಕಿದರೆ ಫ್ರೀಜರ್‌ನಲ್ಲಿ ಗಟ್ಟಿಯಾಗುವುದೇ ಇಲ್ಲ.

ಅಂದಿನಿಂದ ಒಲೆಯ ಮೇಲೆ ಎರಡು ಪಾತ್ರೆ ಇರುತ್ತವೆ. ಎರಡನೆಯದರಲ್ಲಿ ಸೇಬಿನ ರಸ, ನಿಂಬೆ, ಕೊನೆಗೆ ಒಲೆ ಆರಿಸಿದ ಮೇಲೆ ಜೇನುತುಪ್ಪ. ಅದಕ್ಕೆ ಬೇರೆ ಸೌಟು, ಬೇರೆ ಚೀಟಿ. ಜೇನು ಇರುವುದರಿಂದ ಒಂದು ವರ್ಷದೊಳಗಿನ ಮಗುವಿಗೆ ಅದನ್ನೂ ಕೊಡುವಂತಿಲ್ಲ ಎಂದು ಚೀಟಿಯಲ್ಲೇ ಬರೆದಿದ್ದೇನೆ. ಮೆನುವಿನಲ್ಲಿ ಪೇರ್‌ನ ಹೆಸರಿನ ಕೆಳಗೆ ‘ಮದ್ಯ ಇದೆ’ ಎಂಬ ಸಾಲು ಸೇರಿತು. ಮೊನ್ನೆ ಅದೇ ವೇಟರ್ ತಂದ ಆರ್ಡರ್‌ನಲ್ಲಿ ‘ಎರಡನೇ ಪಾತ್ರೆಯದು’ ಎಂದು ಬರೆದಿತ್ತು. ಸೌಟು ಬದಲಿಸಿ ಬಡಿಸಿ ಕಳಿಸಿದೆ.