ಪರದೆ ಚೆನ್ನಾಗಿದ್ದರೆ ಗುಜರಿಗೆ ಹಾಕಬೇಡಿ

ಆಲ್-ಇನ್-ಒನ್ ಕಂಪ್ಯೂಟರಿನಲ್ಲಿ ಪರದೆಯ ಬೆನ್ನಿಗೇ ಎಲ್ಲ ಕೂತಿರುತ್ತದೆ. ಸಿಪಿಯು ಡಬ್ಬ ಬೇರೆ ಇರಲ್ಲ. ಅದಕ್ಕೇ ಒಳಗೆ ಚಿಕ್ಕದೊಂದು ಕೆಟ್ಟರೂ ಜನ ಇಡೀ ಯಂತ್ರವನ್ನೇ ಗುಜರಿಗೆ ಕೊಟ್ಟುಬಿಡುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬಳ್ಳಾರಿಯಲ್ಲಿ ಇವು ಸಾಯುವುದು ಜಾಸ್ತಿ ಬಿಸಿಗೆ ಮತ್ತು ಧೂಳಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ನಮಗೆ ಮಾಮೂಲು. ಯಂತ್ರದೊಳಗೆ ಜಾಗ ಕಡಿಮೆ, ಫ್ಯಾನ್ ಲ್ಯಾಪ್‌ಟಾಪಿನಷ್ಟೇ ಚಿಕ್ಕದು. ಮೇಲೆ ಅದಿರು ಲಾರಿ ಓಡಾಡುವ ರಸ್ತೆಯ ಕೆಂಪು ಧೂಳು ಬೇರೆ.

ಹೋದ ಬೇಸಿಗೆ ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಗೆ ಯೂನಿಟ್‌ನಿಂದ ನನ್ನ ಹತ್ತಿರ ರಿಪೇರಿಗೆ ಒಂದು ಬಂತು. ಬಿಲ್ ಹಾಕುವ ಯಂತ್ರ. "ಅಣ್ಣಾ, ಆನ್ ಆಗ್ತದ, ಹತ್ತು ನಿಮಿಷಕ್ಕ ಬಂದ್ ಆಗ್ತದ. ಬೋರ್ಡ್ ಹೋಗ್ಯದ ಅಂದ್ರು" ಅಂದ ಹುಡುಗ. ಹಿಂಬದಿ ಮುಚ್ಚಳ ತೆಗೆದೆ. ಫ್ಯಾನಿಗೂ ಪ್ರೊಸೆಸರಿನ ಬಿಸಿ ಎಳೆದು ಹೊರಬಿಡುವ ಲೋಹದ ಹೀಟ್‌ಸಿಂಕಿಗೂ ನಡುವೆ ಒಂದು ದಪ್ಪ ಪದರ ಕಂಬಳಿಯ ತುಂಡಿನ ಹಾಗೆ ಎದ್ದು ಬಂತು. ಒಂದು ಕಡೆ ನೀಲಿ, ಡೆನಿಮ್ ನೂಲಿನ ಜುಂಗು. ಅದರ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಗಾಳಿ ಹೋಗೋಕೆ ಸೂಜಿ ಮೊನೆಯಷ್ಟೂ ದಾರಿ ಇರಲಿಲ್ಲ. ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳೋಕೆ ತಾನೇ ಬಂದ್ ಆಗ್ತಿತ್ತು ಅಷ್ಟೇ. ಬೋರ್ಡಿಗೆ ಏನೂ ಆಗಿರಲಿಲ್ಲ.

ಧೂಳು ಊದೋಕೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಸುಮ್ನೆ ಬಿಟ್ಟರೆ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆಮೇಲೆ ಹೀಟ್‌ಸಿಂಕ್ ಬಿಚ್ಚಿ, ಒಣಗಿ ಪುಡಿಯಾದ ಹಳೇ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಾಕಿದೆ. ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ, ಅಂದ್ರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್ ಹಾಕಿದೆ. ಹಳೇ ಯಂತ್ರಕ್ಕೆ ಜೀವ ಬರುವುದು ಇದರಿಂದಲೇ, ರ್‍ಯಾಮ್‌ನಿಂದ ಅಷ್ಟಲ್ಲ.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಥ ಹಳೇ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪಲ್ಲ. ಹಾಗಾಗಿ ಕೇಳಿದವರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. 4 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ. ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ಅದರಲ್ಲೂ ಇದೆ, ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಕಷ್ಟ ಆಗಲ್ಲ.

ಬಿಚ್ಚೋಕೆ ನನಗೆ ತುಂಬ ಇಷ್ಟದ್ದು 2009ರಿಂದ 2011ರವರೆಗಿನ ಐಮ್ಯಾಕ್, ಆಪಲ್ ಕಂಪನಿಯ ಆಲ್-ಇನ್-ಒನ್. ಮುಂದಿನ ಗಾಜು ನಿಂತಿರುವುದು ಬರೀ ಅಯಸ್ಕಾಂತದ ಮೇಲೆ. ಎರಡು ಸಕ್ಷನ್ ಕಪ್ ಅಂಟಿಸಿ ಎತ್ತಿದರೆ ಬಂತು. ಪರದೆ ಎತ್ತುವಾಗ ಮಾತ್ರ ನಿಧಾನ, ಹಿಂದೆ ತೆಳು ಕೇಬಲ್‌ಗಳಿರುತ್ತವೆ. 2012ರ ಕೊನೆಗೆ ಬಂದ ತೆಳು ಮಾದರಿಯಿಂದ ಗಾಜು ಮತ್ತು ಪರದೆ ಒಂದೇ ಆಯಿತು, ಸುತ್ತಲೂ ಅಂಟುಪಟ್ಟಿ. ಕತ್ತರಿಸಿ ತೆಗೆಯಬೇಕು, ಮುಚ್ಚುವಾಗ ಹೊಸ ಪಟ್ಟಿ ಹಾಕಬೇಕು. ನೋಡೋಕೆ ಚೆಂದ, ಆದ್ರೆ ರಿಪೇರಿ ಮಾಡುವವನನ್ನು ಯಾರೂ ನೆನೆಸಿಕೊಂಡಿಲ್ಲ ಅಲ್ವಾ?

ಪರದೆ ಕಪ್ಪಾಗಿದೆ ಅಂತ ತಂದರೆ ಮೊದಲು ಟಾರ್ಚ್ ಹಿಡಿಯುತ್ತೇನೆ. ಓರೆಯಾಗಿ ಬೆಳಕು ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ ಪರದೆ ಸತ್ತಿಲ್ಲ, ಹಿಂದಿನ ಬೆಳಕಿನದ್ದೇ ತೊಂದರೆ. ಟ್ಯೂಬಿನ ಬ್ಯಾಕ್‌ಲೈಟ್ ಇರುವ ಹಳೇ ಮಾದರಿಗಳಲ್ಲಿ ಬಹಳ ಸಲ ಆ ಟ್ಯೂಬಿಗೆ ಕರೆಂಟ್ ಕೊಡುವ ಇನ್ವರ್ಟರ್ ಬೋರ್ಡ್ ಹೋಗಿರುತ್ತದೆ. ಕರೆಂಟ್ ಇರುವಾಗ ಅದನ್ನು ಮುಟ್ಟಲೇಬೇಡಿ, ನೂರಾರು ವೋಲ್ಟ್ ಇರುತ್ತದೆ.

ಬೋರ್ಡೇ ಸುಟ್ಟಿದ್ದರೆ ಹಣ ಸುರಿಯಬೇಡಿ ಅಂತ ನಾನೇ ಹೇಳುತ್ತೇನೆ. ಆಗಲೂ ಪರದೆ ಬಿಡಲ್ಲ. ಅದರ ಬೆನ್ನ ಮೇಲಿನ ಮಾದರಿ ಸಂಖ್ಯೆ ನೋಡಿ, ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ತರಿಸಿ ಹಾಕಿದರೆ ಎಚ್‌ಡಿಎಂಐ ಮಾನಿಟರ್ ಆಗುತ್ತದೆ. ಹಾಗೆ ಮಾಡಿದ್ದೊಂದು ಈಗ ಪಕ್ಕದ ಮೆಡಿಕಲ್ ಶಾಪಿನಲ್ಲಿ ಸಿಸಿಟಿವಿ ತೋರಿಸುತ್ತಿದೆ.